ಅಕ್ಕನ ಹೆಜ್ಜೆಯ ಅಳತೆ

ಡ್ರಿಲ್ ಟೀಚರ್ ಬಂದರೆಂದರೆ ಒಂದು ಕಾಲದಲ್ಲಿ ಇಡೀ ಶಾಲೆಯೇ ನೆಟ್ಟಗೆ ನಿಲ್ಲುತ್ತಿತ್ತು. ಮೂವತ್ತು ವರ್ಷ ಸೀಟಿ ಊದಿ ಕಂಡವರ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿದ ಆ ಹೆಂಗಸು, ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ, ಅಷ್ಟಕ್ಕೇ ನಿಂತುಬಿಟ್ಟಳು. ಮೂಳೆಯೇನೋ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಸೀಟಿ ಮಂಚದ ಪಕ್ಕದ ಮೊಳೆಯಲ್ಲಿ ಧೂಳು ತಿನ್ನುತ್ತಿತ್ತು.

"ಇನ್ನು ಮೂರು ತಿಂಗಳಲ್ಲಿ ನಡೆದ್ರೆ ಸರಿ. ಇಲ್ಲಾಂದ್ರೆ ಗಾಲಿ ಕುರ್ಚಿನೇ ಗತಿ" ಎಂದು ವ್ಯಾಯಾಮ ಹೇಳಿಕೊಡುವ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದಾಗ ತಂಗಿಯ ಎದೆ ಧಸಕ್ಕೆಂದಿತು. ತಂಗಿ ಎಂದರೆ ಟೈಲರಮ್ಮ. ಅಕ್ಕತಂಗಿ ಇಬ್ಬರೇ ಇರುವ ಆ ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಅಂಗಡಿ. ಅಕ್ಕ ಮಾತ್ರ ಡಾಕ್ಟರ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಅದರಲ್ಲೊಂದು ಜಪಾನಿ ತೋಟ: ಗೆರೆಗೆರೆಯಾಗಿ ಬಾಚಿಟ್ಟ ಬಿಳಿ ಜಲ್ಲಿ, ಪಾಚಿ ಹತ್ತಿದ ಬಂಡೆ, ಬಿದಿರಿನ ಕೊಳವೆಯಿಂದ ಕಲ್ಲಿನ ಬಟ್ಟಲಿಗೆ ಬೀಳುವ ನೀರು, ಅಲ್ಲಿಗೆ ಹೋಗಲು ಚಪ್ಪಟೆ ಕಲ್ಲುಗಳ ದಾರಿ.

"ಆ ನೀರಿನ ಪಕ್ಕ ಸುಮ್ನೆ ಕೂತ್ಕೊಂಡ್ರೆ ಎಷ್ಟು ಹಾಯಾಗಿರುತ್ತೆ ಅಲ್ವಾ" ಎಂದಳು ಅಕ್ಕ.

ಬಿದ್ದ ದಿನದಿಂದ ಅವಳು ಏನನ್ನಾದರೂ ಬೇಕೆಂದು ಬಾಯಿಬಿಟ್ಟದ್ದು ಅದೇ ಮೊದಲು. ಟೈಲರಮ್ಮ ಅಲ್ಲೇ ತೀರ್ಮಾನ ಮಾಡಿದಳು. ಆ ತೋಟ ಹಿತ್ತಲಿಗೆ ಬರಬೇಕು, ಅಕ್ಕ ತನ್ನ ಕಾಲಿನಲ್ಲೇ ಅಲ್ಲಿಗೆ ಹೋಗಬೇಕು.

ಹಿತ್ತಲೆಂದರೆ ಒಡೆದ ಬಕೆಟ್ಟು, ತುಕ್ಕು ಹಿಡಿದ ಎರಡು ಹೊಲಿಗೆ ಯಂತ್ರ, ಮೊಣಕಾಲುದ್ದ ಕಳೆ. ಮಧ್ಯಾಹ್ನ ಅಂಗಡಿ ಮುಚ್ಚಿ, ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು ಒಂದು ವಾರ ಅಗೆದಳು. ಜಲ್ಲಿ ತರಿಸಿ ಹರಡಿದಳು. ಮರದ ಪಟ್ಟಿಗೆ ಮೊಳೆ ಹೊಡೆದು ಬಾಚಣಿಗೆ ಮಾಡಿಕೊಂಡಳು. ನೆಮ್ಮದಿಯ ತೋಟ ಕಟ್ಟುವವರಿಗೆ ಇರುವ ನೆಮ್ಮದಿಯೂ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಬಾಚಿ ಒಳಗೆ ಹೋಗುವುದೇ ತಡ, ಪಕ್ಕದ ಮನೆಯ ಬೆಕ್ಕು ಬಂದು ಜಲ್ಲಿ ಕೆದಕಿ ತನ್ನ ಕೆಲಸ ಮುಗಿಸಿಕೊಂಡು ಹೋಗುತ್ತಿತ್ತು. ಅವಳು ಬೈದು ಮತ್ತೆ ಬಾಚುತ್ತಿದ್ದಳು.

ಒಂಬತ್ತು ಚಪ್ಪಟೆ ಕಲ್ಲು ತಂದುಕೊಟ್ಟ ಗಾರೆ ಮೇಸ್ತ್ರಿ, "ಸಿಮೆಂಟ್ ಹಾಕಿ ಕೂರಿಸಿಬಿಡ್ತೀನಿ ಅಮ್ಮಾ, ನೂರು ವರ್ಷ ಅಲ್ಲಾಡಲ್ಲ" ಎಂದ.

"ಬೇಡ. ಮಕ್ಕಳ ಬಟ್ಟೆ ಹೊಲಿಯುವಾಗ, ಬೆಳೆದ ಮೇಲೆ ಬಿಚ್ಚೋಕೆ ಅಂತ ಒಳಗೆ ಮಡಿಕೆ ಬಿಡಲ್ವಾ? ಹಾಗೇ ಇರಲಿ, ಬರೀ ಮರಳಲ್ಲಿ ಕೂರಿಸು."

ಮೇಸ್ತ್ರಿ ತಲೆ ಕೆರೆದುಕೊಂಡ. ಅವಳು ತಾನೇ ಮುಂದೆ ಮುಂದೆ ನಡೆದು ತೋರಿಸಿದಳು, ಅವಳ ಪಾದ ಬಿದ್ದಲ್ಲೆಲ್ಲ ಅವನು ಕಲ್ಲಿಟ್ಟ. ಕೊನೆಗೆ ನಲ್ಲಿಗೆ ಸಿಕ್ಕಿಸಿದ ಬಿದಿರಿನ ಕೊಳವೆ, ಅದರ ನೀರು ಬೀಳಲು ಕಲ್ಲಿನ ಬಟ್ಟಲು, ಅದರ ಪಕ್ಕ ಕೂರಲು ಒಂದು ದಪ್ಪ ಕಲ್ಲು.

ಅಕ್ಕನನ್ನು ಕೈಹಿಡಿದು ಹಿತ್ತಲ ಬಾಗಿಲಿಗೆ ಕರೆತಂದಳು. ಅಕ್ಕನ ಮುಖ ಅರಳಿತು. ಮೊದಲ ಕಲ್ಲಿನ ಮೇಲೆ ಕಾಲಿಟ್ಟಳು. ಎರಡನೆಯದಕ್ಕೆ ಕಾಲು ಚಾಚಿದಳು, ಎಟುಕಲಿಲ್ಲ. ಮತ್ತೆ ಚಾಚಿದಾಗ ತೊಡೆ ನಡುಗಿತು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ತುಂಬಾ ಚೆನ್ನಾಗಿದೆ ಪುಟ್ಟಿ. ನಾನು ಕಿಟಕಿಯಿಂದ ನೋಡ್ತೀನಿ ಬಿಡು" ಎಂದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಟೈಲರಮ್ಮನಿಗೆ ತನ್ನ ಮೇಲೇ ಅಸಾಧ್ಯ ಸಿಟ್ಟು ಬಂತು. ಅಳತೆ ತೆಗೆಯದೆ ಒಂದು ಕರವಸ್ತ್ರವನ್ನೂ ಕತ್ತರಿಸದವಳು, ಅಕ್ಕನ ದಾರಿಗೆ ತನ್ನ ಹೆಜ್ಜೆಯ ಅಳತೆ ಇಟ್ಟಿದ್ದಳು. ಈಗ ಅಳತೆ ಕೊಡು ಎಂದರೆ ಅಕ್ಕ ಮಂಚ ಬಿಟ್ಟು ಏಳುವವಳಲ್ಲ. ಟೈಲರಮ್ಮ ಮರುದಿನದವರೆಗೆ ಬಾಯಿಮುಚ್ಚಿಕೊಂಡು ಕಾದಳು. ಸ್ನಾನ ಮುಗಿಸಿ ಅಕ್ಕ ಗೋಡೆ ಹಿಡಿದು ಮಂಚ ಸೇರಿದ ಮೇಲೆ, ನೆಲದಲ್ಲಿ ಮೂಡಿದ್ದ ಒದ್ದೆ ಹೆಜ್ಜೆಗಳು ಆರುವ ಮೊದಲೇ ಸೀಮೆಸುಣ್ಣ ಹಿಡಿದು ಒಂದೊಂದರ ಸುತ್ತ ಗೆರೆ ಎಳೆದಳು. ಆಮೇಲೆ ಮೊಣಕಾಲೂರಿ ಟೇಪು ಹಿಡಿದಳು. ಬಲಗಾಲಿನ ಹೆಜ್ಜೆ ಹದಿನಾಲ್ಕು ಇಂಚು, ಎಡಗಾಲಿನದು ಹತ್ತೇ. ಒಂದು ಕಾಲದಲ್ಲಿ ಆ ಹೆಜ್ಜೆಯ ಜೊತೆ ನಡೆಯಲು ತಾನು ಓಡಬೇಕಿತ್ತು. ಅದು ನೆನಪಾಗಿ ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಈ ಲೆಕ್ಕಕ್ಕೆ ಹದಿನಾರು ಕಲ್ಲು ಬೇಕು. ಮೇಸ್ತ್ರಿಯ ಹತ್ತಿರ ಬೇರೆ ಇರಲಿಲ್ಲ. ಅವಳು ತನ್ನ ಕತ್ತರಿಸುವ ಮೇಜಿನ ಮೇಲಿದ್ದ ಕಲ್ಲಿನ ಹಾಸನ್ನು ತೋರಿಸಿದಳು.

"ಇದನ್ನ ಒಡೆದ್ರೆ ಬಟ್ಟೆ ಎಲ್ಲಿ ಕತ್ತರಿಸ್ತೀರಿ?"

"ನೆಲದ ಮೇಲೆ. ನನ್ನ ಸೊಂಟ ಗಟ್ಟಿಯಾಗೇ ಇದೆ."

ಹಾಸು ಏಳು ತುಂಡಾಯಿತು. ಹಳೆಯ ಒಂಬತ್ತನ್ನೂ ಕಿತ್ತು, ಒಂದು ದೂರ ಒಂದು ಹತ್ತಿರ ಎಂದು ಟೇಪು ಹಿಡಿದು ಇಡಿಸಿದಳು. ಸಾಲು ಸೊಟ್ಟಗಿದೆ ಎಂದು ಮೇಸ್ತ್ರಿ ಮೂಗು ಮುರಿದ. ಅವಳು ಸೊಪ್ಪು ಹಾಕಲಿಲ್ಲ.

ಅಕ್ಕನಿಗೆ ಅವಳು ಏನೂ ಹೇಳಲಿಲ್ಲ, ಹಿತ್ತಲ ಬಾಗಿಲು ತೆರೆದಿಟ್ಟಳು ಅಷ್ಟೇ. ಎರಡು ದಿನ ಅಕ್ಕ ಬಾಗಿಲಲ್ಲಿ ನಿಂತು ನೋಡಿ ವಾಪಸಾದಳು. ಮೂರನೆಯ ದಿನ ನಾಲ್ಕು ಕಲ್ಲು ದಾಟಿದಳು. ಕಾಲಿಟ್ಟಲ್ಲೆಲ್ಲ ಕಲ್ಲು ತಾನಾಗಿ ಸಿಗುತ್ತಿದ್ದುದಕ್ಕೆ ಅವಳಿಗೇ ಸೋಜಿಗವಾಯಿತು. ಹತ್ತನೆಯ ದಿನ ದಪ್ಪ ಕಲ್ಲಿನ ಮೇಲೆ ಕೂತು, ನೀರಿನ ಸದ್ದು ಕೇಳುತ್ತ ಹಾಗೇ ತೂಕಡಿಸಿದಳು. ಬೆಕ್ಕು ಕಾಲ ಬಳಿ ಬಂದು ಮಲಗಿತು. ಆಮೇಲೆ ಅದು ದಿನದ ರೂಢಿಯಾಯಿತು.

ಡಾಕ್ಟರು ಕೊಟ್ಟ ಗಡುವಿಗೆ ಇನ್ನೂ ಎರಡು ವಾರವಿತ್ತು. ಟೈಲರಮ್ಮ ನೆಲದ ಮೇಲೆ ಬಟ್ಟೆ ಹರಡಿ ಕತ್ತರಿ ಹಿಡಿದಿದ್ದಳು. ಹಿತ್ತಲಿನಿಂದ ಸೀಟಿ ಕೇಳಿಸಿತು, ಉದ್ದಕ್ಕೆ, ಕಿವಿ ತೂತಾಗುವಂತೆ. ಅಕ್ಕ ಬಿದ್ದಳೆಂದೇ ತಿಳಿದು ಅವಳು ಕತ್ತರಿ ಎಸೆದು ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಅಕ್ಕ ದಾರಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೊರಳಲ್ಲಿ ಸೀಟಿ.

"ಏನೇ ಇದು, ಕಲ್ಲೆಲ್ಲ ಇಷ್ಟು ಒತ್ತೊತ್ತಾಗಿ ಇಟ್ಟಿದೀಯ? ಕಾಲಿಗೆ ಕಾಲು ತಗಲುತ್ತೆ. ಕಿತ್ತು ಇನ್ನೂ ದೂರ ದೂರ ಇಡಿಸು."

ಟೈಲರಮ್ಮ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಟೇಪು ತೆಗೆದು ಅಕ್ಕನ ಕಾಲ ಬಳಿ ಮೊಣಕಾಲೂರಿದಳು.

"ಹೆಜ್ಜೆ ಇಡು ಅಕ್ಕ. ಅಳತೆ ತಗೋತೀನಿ."