ಸಿದ್ದರಾಯನ ಹನ್ನೊಂದು ನಿಮಿಷ

ಟಿಕೋಟಾದ ಬಸಗೊಂಡಪ್ಪನೂ ಬಬಲೇಶ್ವರದ ಮಹಾನಂದಾಳೂ ಬೀಗರಾದದ್ದೇ ಗಿಟಾರ್ ಸಿದ್ದರಾಯನಿಂದ. ಬಸಗೊಂಡಪ್ಪನದು ಒಣದ್ರಾಕ್ಷಿ ಮಾಡುವ ಶೆಡ್ಡು, ಮಹಾನಂದಾಳದು ಬ್ಲೌಸ್ ಹೊಲಿಯುವ ಅಂಗಡಿ. ಮೂವತ್ತು ವರ್ಷದ ಹಿಂದೆ ಸಿದ್ದರಾಯನ ಅಭಿಮಾನಿ ಬಳಗ ಕಟ್ಟಿದಾಗ ಬಸಗೊಂಡಪ್ಪ ಅಧ್ಯಕ್ಷನಾದ, ಮಹಾನಂದಾ ಕಾರ್ಯದರ್ಶಿಯಾದಳು. ಮುಂದೆ ಅವನ ಮಗಳು ಸೌಭಾಗ್ಯಳನ್ನು ಇವಳ ಮಗನಿಗೆ ತಂದುಕೊಳ್ಳುವ ಮಾತು ಬಂದಾಗ ಎರಡೂ ಕಡೆಯವರು ಜಾತಕ ಕೇಳಲಿಲ್ಲ. ಹುಡುಗ ಹುಡುಗಿಗೆ ಸಿದ್ದರಾಯನ ಎಷ್ಟು ಹಾಡು ಬಾಯಿಪಾಠ ಬರುತ್ತವೆ ಎಂದಷ್ಟೇ ಕೇಳಿದರು.

ಸಿದ್ದರಾಯ ಇಟ್ಟಂಗಿಹಾಳದವನು. ಹೆಗಲ ಮೇಲೆ ಕರಿ ಕಂಬಳಿ, ಕೊರಳಲ್ಲಿ ಕೆಂಪು ಗಿಟಾರು ಹಾಕಿಕೊಂಡು ವಿಜಯಪುರದ ಕನ್ನಡದಲ್ಲೇ ರಾಕ್ ಹಾಡಿದವನು. ಪುಣೆ, ಮುಂಬೈಯೆಲ್ಲ ಸುತ್ತಿ ಬಂದ ಅವನಿಗೆ ಈಗ ಎಪ್ಪತ್ಮೂರು. ಈ ವರ್ಷ ವಿಜಯಪುರದಲ್ಲಿ ನಡೆದ ಸಂಗೀತ ಹಬ್ಬದ ಕೊನೆಯ ದಿನ ಅವನದೇ ಮುಖ್ಯ ಕಾರ್ಯಕ್ರಮ. ಸಂಜೆ ಐದಕ್ಕೇ ಮೈದಾನ ತುಂಬಿತ್ತು.

ಒಂದೂವರೆ ತಾಸು ಚೆನ್ನಾಗಿಯೇ ಹಾಡಿದ. ಕೊನೆಗೆ ಎಲ್ಲರೂ ಕಾಯುತ್ತಿದ್ದ ‘ನಿಲ್ಲಿಸೋ ಟಾಂಗಾ’ ಬಂತು. ಮೊದಲ ನುಡಿ ಮುಗಿಸಿ, ‘ನಿಲ್ಲಿಸೋ!’ ಎಂದು ಕೂಗಿ ಬಲಗೈ ಮೇಲೆತ್ತಿದವನು ಹಾಗೆಯೇ ನಿಂತುಬಿಟ್ಟ. ವಾದ್ಯದವರು ಸ್ವಲ್ಪ ಹೊತ್ತು ಬಾರಿಸಿದರು, ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. ಕೈ ಮೇಲೆ, ಕಣ್ಣು ಮುಚ್ಚಿ, ಹನ್ನೊಂದು ನಿಮಿಷ. ಬಳಿಕ ಕೈ ಮೆಲ್ಲಗೆ ಇಳಿಯಿತು. ಸಿದ್ದರಾಯ ಮೈಕಿನಲ್ಲಿ ‘ಆತು’ ಎಂದು ಹೇಳಿ ಒಳಗೆ ಹೋದ.

ಮೈದಾನದ ಗೇಟು ದಾಟುವುದರೊಳಗೆ ಜಗಳ ಶುರುವಾಯಿತು.

“ಇಂಥಾ ಕಲಾ ನಾ ಹುಟ್ಟಿದಾಗಿಂದ ನೋಡಿಲ್ಲ,” ಎಂದು ಬಸಗೊಂಡಪ್ಪ ಕಣ್ಣೊರೆಸಿಕೊಂಡ. “ಹಾಡಿನ್ಯಾಗ ನಿಲ್ಲಿಸೋ ಅಂತೈತಿ. ನಿಲ್ಲಿಸಿದ! ನಲವತ್ತ ವರ್ಷ ಬರೇ ಹಾಡ್ತಿದ್ದ, ಇವತ್ತ ಮಾಡಿ ತೋರಿಸಿದ.”

“ಮಾತು ಮರತಾನ್ರಿ ಬೀಗರ,” ಎಂದಳು ಮಹಾನಂದಾ. “ಎರಡನೇ ನುಡಿ ಬಾಯಾಗ ಬರಲಿಲ್ಲ ಅವಂಗ. ವಯಸ್ಸಾತು, ಮರೀತಾರ. ಅದಕ್ಕ ಕಲಾ ಗಿಲಾ ಅಂತ ಯಾಕ ಹೆಸರ ಇಡ್ತೀರಿ?”

“ಮರತವ ಹನ್ನೊಂದ ನಿಮಿಷ ಕೈ ಎತ್ತಿ ನಿಲ್ತಾನೇನ್ರಿ ಅಕ್ಕಾರ?”

“ಸಾಲ್ಯಾಗ ನನ್ನ ಮಗ ಮಗ್ಗಿ ಮರತಾಗ ತಾಸಗಟ್ಲೆ ನಿಂತಾನ.”

ಮರುದಿನದ ಹೊತ್ತಿಗೆ ಬಳಗ ಎರಡಾಯಿತು. ಟಿಕೋಟಾದವರು ಕಲೆಯ ಕಡೆ, ಬಬಲೇಶ್ವರದವರು ಮರೆವಿನ ಕಡೆ. ಬಸಗೊಂಡಪ್ಪ ತನ್ನ ಫೋನಿನಲ್ಲಿ ಹಿಡಿದಿದ್ದ ಆ ಹನ್ನೊಂದು ನಿಮಿಷದ ಮೌನವನ್ನೇ ರಿಂಗ್‌ಟೋನ್ ಮಾಡಿಕೊಂಡ. ಅಂದಿನಿಂದ ಅವನಿಗೆ ಯಾರ ಫೋನೂ ಕೇಳಿಸದಾಯಿತು. ದ್ರಾಕ್ಷಿ ಕೊಳ್ಳಲು ಸಾಂಗಲಿಯಿಂದ ಬಂದವರು ಶೆಡ್ಡು ಸಿಗದೆ ಫೋನು ಮಾಡಿ ಮಾಡಿ ಸಾಕಾಗಿ ವಾಪಸು ಹೋದರು. ಮುಂಜಾನೆ ಕೆಲಸ ಶುರುವಾಗುವ ಮೊದಲು ಟಿಕೋಟಾದ ಅಭಿಮಾನಿಗಳು ಹೆದ್ದಾರಿಯ ಪಕ್ಕ ಸಾಲಾಗಿ ನಿಂತು ಬಲಗೈ ಎತ್ತಿ ಹನ್ನೊಂದು ನಿಮಿಷ ಅಭ್ಯಾಸ ಮಾಡತೊಡಗಿದರು. ಅಥಣಿ ಕಡೆಯ ಬಸ್ಸೆಲ್ಲ ಅವರ ಮುಂದೆ ನಿಲ್ಲುತ್ತಿತ್ತು.

“ಹತ್ತೂದಿದ್ರ ಹತ್ರಿ!” ಎಂದು ಕಂಡಕ್ಟರ್ ಒದರುತ್ತಿದ್ದ. ಕಣ್ಣು ಮುಚ್ಚಿ ನಿಂತವರು ಉತ್ತರ ಕೊಡುತ್ತಿರಲಿಲ್ಲ. ನಾಲ್ಕನೆಯ ದಿನ ಅವನೇ ಕೆಳಗಿಳಿದು ಒಬ್ಬೊಬ್ಬರ ಕೈಯನ್ನೂ ಹಿಡಿದು ಇಳಿಸಿ ಹೋದ.

ಅತ್ತ ಬಬಲೇಶ್ವರದಲ್ಲಿ ಮಹಾನಂದಾ, ಸಿದ್ದರಾಯ ಮರೆತನೆನ್ನುವ ಎರಡನೆಯ ನುಡಿಯನ್ನು ಅಂಗಡಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದಳು. ಅಳತೆ ಕೊಡಲು ಬಂದವರು ಅದನ್ನು ಗಟ್ಟಿಯಾಗಿ ಓದಿದ ಮೇಲೆಯೇ ಅವಳು ಟೇಪು ತೆಗೆಯುತ್ತಿದ್ದುದು. ನಡುವೆ ಸಿಕ್ಕವಳು ಸೌಭಾಗ್ಯ. ತವರಿಗೆ ಹೋದರೆ ಅಪ್ಪ ಕೈ ಎತ್ತಿಸುತ್ತಿದ್ದ, ಗಂಡನ ಮನೆಗೆ ಬಂದರೆ ಅತ್ತೆ ನುಡಿ ಹೇಳಿಸುತ್ತಿದ್ದಳು.

“ನಿಮ್ಮಿಬ್ಬರ ಜಗಳದಾಗ ನಾ ಹುಚ್ಚಿ ಆಗ್ತೇನಿ,” ಎಂದಳು ಅವಳು ಒಂದು ದಿನ ಇಬ್ಬರೂ ಎದುರಿಗಿದ್ದಾಗ. “ಆ ಮನಿಶಾ ಇನ್ನೂ ಜೀವಂತ ಅದಾನ. ಹೋಗಿ ಕೇಳ್ಬಾರದಾ?”

ಈ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಆದರೆ ನೇರವಾಗಿ ಹೋಗಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಮೊದಲು ಇಬ್ರಾಹಿಂಪುರಕ್ಕೆ ಹೋದರು. ಹಬ್ಬಕ್ಕೆ ಸೌಂಡ್ ಸಿಸ್ಟಮ್ ಕೊಟ್ಟಿದ್ದ ಹುಸೇನಸಾಬ ಅಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ. ಅವನು ಮೈಕಿನ ರೆಕಾರ್ಡಿಂಗನ್ನು ಇಬ್ಬರ ಕಿವಿಗೂ ಹಾಕಿದ. ಏಳನೆಯ ನಿಮಿಷದಲ್ಲಿ ಒಂದು ಸಣ್ಣ ದನಿ ಕೇಳಿಸಿತು: “ಹ್ಞೂಂ.”

“ಸುರ ಹಚ್ಚಾಕತ್ತಾನ!” ಎಂದ ಬಸಗೊಂಡಪ್ಪ.

“ಮುಂದಿನ ಮಾತ ಹುಡುಕಾಕತ್ತಾನ!” ಎಂದಳು ಮಹಾನಂದಾ.

ಹುಸೇನಸಾಬ ಬೆಸುಗೆ ಹಾಕುತ್ತಿದ್ದ ತಂತಿಯಿಂದ ತಲೆ ಎತ್ತದೆ ಹೇಳಿದ: “ನನ್ನ ಕೇಳಿದ್ರ, ಎಮ್ಮಿ ಎದ್ದ ನಿಲ್ಲುವಾಗ ಇಂಥಾದ ಸಪ್ಪಳ ಮಾಡ್ತೈತಿ.”

ಅದನ್ನು ಇಬ್ಬರೂ ಅವಮಾನವೆಂದು ತಿಳಿದು, ಬಹಳ ದಿನದ ಮೇಲೆ ಒಂದೇ ಮೋಟರ್‌ಸೈಕಲ್ ಮೇಲೆ ತೊರವಿಗೆ ಹೊರಟರು.

ಸಿದ್ದರಾಯ ತೊರವಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದ. ಪಡಸಾಲೆಯಲ್ಲಿ ಕೂತು ಚಹಾದಲ್ಲಿ ಟೋಸ್ಟ್ ಅದ್ದಿ ತಿನ್ನುತ್ತಿದ್ದ. ಇಬ್ಬರ ವಾದವನ್ನೂ ಪೂರ್ತಿ ಕೇಳಿದ. ಚೆನ್ನಾಗಿದ್ದ ಮಾತನ್ನು ಇನ್ನೊಮ್ಮೆ ಹೇಳಿಸಿದ.

“ಎರಡೂ ಅಲ್ಲ,” ಎಂದ ಕೊನೆಗೆ. “ಭುಜ ಹಿಡಕೊಂಡಿತ್ತು. ಎತ್ತಿದ ಕೈ ಇಳೀಲಿಲ್ಲ.”

“ಹಂಗಾರ ಹಾಡಬೇಕಿತ್ತಲ್ರಿ?” ಎಂದಳು ಮಹಾನಂದಾ.

“ಬಾಯಿ ತೆಗದಿದ್ರ ‘ಯವ್ವಾ ಸತ್ತೆ’ ಅಂತ ಒದರತಿದ್ದೆ ತಂಗಿ. ಆ ಮಾತ ಹಾಡಿನ್ಯಾಗ ಇಲ್ಲ.”

ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹಂಗಾಗಿರಾಕ ಸಾಧ್ಯ ಇಲ್ರಿ ಅಣ್ಣಾರ,” ಎಂದ ಬಸಗೊಂಡಪ್ಪ, ಬಹಳ ಮೆತ್ತಗೆ.

“ನನ್ನ ಭುಜ ಅದು.”

“ಭುಜ ನಿಮ್ಮದ ಇರ್ಬಹುದ್ರಿ. ಕಾರ್ಯಕ್ರಮ ನಮ್ಮದಲ್ಲಾ?” ಎಂದಳು ಮಹಾನಂದಾ. “ಮೂವತ್ತ ವರ್ಷ ಆತು ನಾವ ನಿಮ್ಮನ್ನ ನೋಡಾಕತ್ತು. ನೀವ ಒಂದ ಸಲನರ ನೋಡೀರೇನು?”

ಸಿದ್ದರಾಯ ಟೋಸ್ಟನ್ನು ಕೆಳಗಿಟ್ಟು ಯೋಚಿಸಿದ. ಅವನು ತನ್ನ ಒಂದು ಕಾರ್ಯಕ್ರಮವನ್ನೂ ನೋಡಿರಲಿಲ್ಲ. ನೋಡಿದ್ದೆಲ್ಲ ದೀಪದ ಬೆಳಕು, ಮುಂದಿನ ಸಾಲಿನ ಹತ್ತು ಮುಖ. ಸೋತವನ ಹಾಗೆ ಕೇಳಿದ: “ಹಂಗಾರ ನನ್ನೂ ಬಳಗಕ್ಕ ಸೇರಿಸ್ಕೋರಿ. ನನಗೂ ಒಂದ ಮಾತ ಹೇಳಾಕ ಹಕ್ಕ ಬರ್ತೈತಿ.”

ಆದರೆ ಬಳಗಕ್ಕೆ ನಿಯಮವಿತ್ತು. ಸಿದ್ದರಾಯನ ಒಂದು ಕಾರ್ಯಕ್ರಮವನ್ನಾದರೂ ಮೊದಲಿಂದ ಕೊನೆಯವರೆಗೆ ಕೂತು ನೋಡದವನು ಸದಸ್ಯನಾಗುವಂತಿಲ್ಲ. ನಿಯಮ ಬರೆದವಳು ಮಹಾನಂದಾಳೇ. ಯಾರಿಗೂ ಸಡಿಲ ಮಾಡಿರಲಿಲ್ಲ, ಸ್ವಂತ ಗಂಡನಿಗೂ.

ಹಾಗಾಗಿ ಮುಂದಿನ ರವಿವಾರ ಮಧ್ಯಾಹ್ನ ಬಬಲೇಶ್ವರದ ಮಹಾನಂದಾಳ ಮನೆಯಲ್ಲಿ, ಹಬ್ಬದ ವಿಡಿಯೋವನ್ನು ಟಿವಿಗೆ ಹಚ್ಚಿ, ಸಿದ್ದರಾಯನನ್ನು ಕುರ್ಚಿಯ ಮೇಲೆ ಕೂರಿಸಿದರು. ನಡುವೆ ಏಳುವಂತಿಲ್ಲವೆಂದು ಬಸಗೊಂಡಪ್ಪ ಮೊದಲೇ ಎಚ್ಚರಿಸಿದ. ಮೊದಮೊದಲು ಸಿದ್ದರಾಯ ನಾಚಿಕೆಯಿಂದ ನೆಲ ನೋಡಿದ. ಮೂರನೆಯ ಹಾಡಿಗೆ ಕಾಲು ಕುಣಿಸಿದ. ಐದನೆಯ ಹಾಡಿಗೆ ಸೌಭಾಗ್ಯಳ ಕಡೆ ತಿರುಗಿ, “ಚಲೋ ಹಾಡ್ತಾನಲಾ ಇಂವ?” ಎಂದ.

ಆ ಹನ್ನೊಂದು ನಿಮಿಷ ಬಂದಾಗ ಕುರ್ಚಿಯ ತುದಿಗೆ ಸರಿದ. ಕ್ಯಾಮೆರಾ ಮೈದಾನದ ಕಡೆ ತಿರುಗಿತು. ಸಾವಿರಾರು ಮಂದಿ ಉಸಿರು ಬಿಗಿಹಿಡಿದು ನಿಂತಿದ್ದರು. ಮುದುಕರು, ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ಸೇಂಗಾ ಮಾರುವವರು. ಪೊಟ್ಟಣ ಕಟ್ಟುತ್ತಿದ್ದ ಒಬ್ಬನ ಕೈ ಹಾಗೇ ನಿಂತಿತ್ತು.

“ಯಾರೂ ಬಿಟ್ಟ ಹೋಗಲೇ ಇಲ್ಲಾ?” ಎಂದು ಸಿದ್ದರಾಯ ಕೇಳಿದ. “ನಾ ಕಣ್ಣ ಮುಚ್ಚಿದ್ದೆ. ಒಂದೀಟೂ ಸಪ್ಪಳ ಇಲ್ಲ. ಎಲ್ಲಾರೂ ಮನಿಗಿ ಹೋಗ್ಯಾರ ಅಂತ ತಿಳಕೊಂಡಿದ್ದೆ. ಕೈಯ ನೋವಕಿಂತ ಅದ ಜಾಸ್ತಿ ಆಗಿತ್ತು.”

ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಲ್ಲಿ ಹೋಗ್ತೇವ್ರಿ ಅಣ್ಣಾರ,” ಎಂದಳು.

ವಿಡಿಯೋ ಮುಗಿಯಿತು. ಮಹಾನಂದಾ ಬಳಗದ ಪುಸ್ತಕ ತೆಗೆದು ಅವನ ಹೆಸರು ಬರೆದಳು. ಬಸಗೊಂಡಪ್ಪ ಎದ್ದು ನಿಂತು, “ಈಗ ಹೇಳ್ರಿ, ಸದಸ್ಯರ. ಹೆಂಗಿತ್ತು?” ಎಂದ.

ಸಿದ್ದರಾಯ ಗಂಟಲು ಸರಿಮಾಡಿಕೊಂಡ. “ಕಲಾನೇ ಐತಿ,” ಎಂದ. ಬಸಗೊಂಡಪ್ಪನ ಮುಖ ಅರಳಿತು. “ಆದ್ರ ಎಂಟ ನಿಮಿಷ ಸಾಕಿತ್ತು. ಕಡೀಕ ಜರಾ ಎಳದಾನ.”

“ಎಂಟಾ?” ಎಂದು ಬಸಗೊಂಡಪ್ಪ ಚೀರಿದ.

“ನಿಮಗೇನ ತಿಳಿತೈತ್ರಿ ಅವನ ಹಾಡು? ನಿನ್ನೆ ಮೊನ್ನೆ ಬಂದವರು!” ಎಂದು ಮಹಾನಂದಾ ಬೀಗನ ಪಕ್ಕ ಬಂದು ನಿಂತಳು.

ಸಿದ್ದರಾಯನೂ ಬಿಡಲಿಲ್ಲ. ಕುರ್ಚಿಯಿಂದೆದ್ದು, ಒಂದೊಂದು ನಿಮಿಷವನ್ನೂ ಬೆರಳು ಮಡಚಿ ತೋರಿಸುತ್ತ ವಾದಕ್ಕಿಳಿದ. ಅವನ ಮುಖ ಕೆಂಪಾಗಿತ್ತು. ಹಬ್ಬದ ದಿನಕ್ಕಿಂತ ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ. ಸೌಭಾಗ್ಯ ಟಿವಿ ಬಂದ್ ಮಾಡಿ, ಮೂವರಿಗೂ ರೊಟ್ಟಿ ಬಡಿಯಲು ಒಳಗೆ ಹೋದಳು.