ಬಾಗಿಲ ಬಳಿಯ ಬಾಟಲಿಗಳು

ಮೊದಲನೆಯ ಬಾಟಲಿ ಸಿಡಿದಾಗ ನಾನು ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟದ ಡಬ್ಬಿ ಮುಚ್ಚುತ್ತಿದ್ದೆ. ಟೈರು ಒಡೆದಂಥ ಸದ್ದು. ಪ್ಯಾಸೇಜಿಗೆ ಓಡಿ ನೋಡಿದರೆ ಗೋಡೆಯ ಮೇಲೆಲ್ಲ ಶುಂಠಿಯ ನಾರು, ನೆಲದ ತುಂಬ ಗಾಜು. ನೋಡುತ್ತಿದ್ದಂತೆ ಎರಡನೆಯದೂ ಸಿಡಿಯಿತು. ಒಂದು ಚೂರು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ನಮ್ಮ ಮನೆಯವರು ಹಿಂದಿನಿಂದ ಬಂದು ನನ್ನ ತೋಳು ಹಿಡಿದು ಕೋಣೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದರು.

ನಮ್ಮದು ಎರಡನೇ ಮಹಡಿಯ ಮನೆ. ಒಂದು ಕೋಣೆ, ಅದಕ್ಕಂಟಿದ ಅಡುಗೆಮನೆ, ಬಚ್ಚಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಲೇಬೇಕಾದ ಕಿರಿದಾದ ಪ್ಯಾಸೇಜು, ಅದರ ಕೊನೆಗೆ ಹೊರಹೋಗಲು ಇರುವ ಒಂದೇ ಬಾಗಿಲು. ಆ ಬಾಗಿಲ ಪಕ್ಕದ ಸ್ಟ್ಯಾಂಡಿನಿಂದ ಚಪ್ಪಲಿಗಳನ್ನೆಲ್ಲ ಕೆಳಗಿಳಿಸಿ, ಇವರು ಶುಂಠಿ ಬಿಯರ್ ತುಂಬಿದ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ಬಿಸಿಲು ಬೀಳದ ಜಾಗ ಬೇಕಂತೆ. ಹೆಸರಿಗೆ ಬಿಯರ್, ಕುಡಿದರೆ ಅಮಲೇನೂ ಏರುವುದಿಲ್ಲ. ಅಮಲೆಲ್ಲ ಮಾಡಿದವರ ತಲೆಗೇ ಏರಿತ್ತು.

ಇವರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡ ಜನರನ್ನು ಬಾಗಿಲ ಹೊರಗಿನಿಂದಲೇ ಮಾತಾಡಿಸಿ ಸಮಾಧಾನ ಮಾಡುವುದರಲ್ಲಿ ಎತ್ತಿದ ಕೈ. ನಿವೃತ್ತರಾದ ಮೇಲೆ ಸಮಾಧಾನ ಮಾಡಿಸಿಕೊಳ್ಳಲು ಉಳಿದವಳು ನಾನೊಬ್ಬಳೇ. ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳ ಅಳತೆಗೆ ಉಡುಪು ಸರಿಪಡಿಸಿ ಹೊಲಿಯುವ ಕೆಲಸ ಸಿಕ್ಕಿತು ಎಂದು ನಾನು ಹೇಳಿದ ಮರುದಿನವೇ ಇವರ ತಲೆಗೆ ಶುಂಠಿಯ ಹುಳ ಹೊಕ್ಕಿತು. ಇದನ್ನು ಮನೆಯಲ್ಲೇ ಇಬ್ಬರೂ ಮಾಡಿ ಮಾರೋಣ, ನೀನು ಬಸ್ಸಿನಲ್ಲಿ ನೂಕಾಡಿಕೊಂಡು ಹೋಗುವ ಕರ್ಮ ಯಾಕೆ ಎಂದರು. ಶುಂಠಿ ತುರಿದು ಸಕ್ಕರೆ ನೀರಿನ ಜಾಡಿಗೆ ಹಾಕಿ, ಗುಳ್ಳೆ ಏಳುವವರೆಗೆ ದಿನವೂ ಅದಕ್ಕೆ ಇನ್ನಷ್ಟು ಶುಂಠಿ, ಇನ್ನಷ್ಟು ಸಕ್ಕರೆ ಉಣಿಸಿದರು. ನಿಂಬೆರಸ ಹಿಂಡಿದರು, ಸೋಸಿದರು, ಸಾಸಿನ ಬಾಟಲಿ, ಜ್ಯೂಸಿನ ಬಾಟಲಿ ಎಂದು ಕಂಡದ್ದಕ್ಕೆಲ್ಲ ತುಂಬಿ ಮುಚ್ಚಳ ಬಿಗಿದರು. ಪಾತ್ರೆ ತೊಳೆಯುವುದಷ್ಟೇ ನನ್ನ ಪಾಲಿಗೆ. ನಡುವೆ ಒಮ್ಮೆ ರುಚಿ ನೋಡು ಎಂದು ಮುಂದೆ ಹಿಡಿದಾಗ ಬಾಯಿಮಾತಿಗೆ, ಚೆನ್ನಾಗಿದೆ, ಇನ್ನೂ ಸ್ವಲ್ಪ ಗ್ಯಾಸ್ ಇರಬೇಕಿತ್ತು ಎಂದಿದ್ದೆ.

ಅಂದು ನನ್ನ ಕೆಲಸದ ಮೊದಲ ದಿನ. ಹತ್ತಕ್ಕೆ ಅಂಗಡಿಯಲ್ಲಿರಬೇಕು, ತಡವಾದರೆ ಬರುವುದೇ ಬೇಡ, ಇನ್ನೊಬ್ಬಳು ಕಾಯುತ್ತಿದ್ದಾಳೆ ಎಂದು ಅಲ್ಲಿಯ ಮೇಲ್ವಿಚಾರಕಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಮದುವೆಯಾದಾಗಿನಿಂದ ನಾನು ನನ್ನದೇ ಅಂತ ಒಂದು ಜಾಗಕ್ಕೆ ಹೊರಟಿದ್ದು ಅದೇ ಮೊದಲು.

ಇವರು ಮಂಚದ ಮೇಲೆ ಕೂತು, ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದರು.

"ಗಾಬರಿ ಆಗ್ಬೇಡ. ಇದ್ದಲ್ಲೇ ಇರು. ಸ್ವಲ್ಪ ಹೊತ್ತಲ್ಲಿ ಎಲ್ಲಾ ಸರಿ ಹೋಗುತ್ತೆ."

ಅದು ಲಿಫ್ಟಿನ ಬಾಗಿಲಿಗೆ ಬಾಯಿಟ್ಟು ಹೇಳುವ ದನಿ. ನನಗೆ ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತು ಅಂದರೆ ಎಷ್ಟು ಎಂದು ಕೇಳಿದೆ. ಎಲ್ಲ ಒಡೆದು ಮುಗಿಯಬೇಕು, ಇಲ್ಲವೇ ಸೆಕೆ ಇಳಿಯಬೇಕು ಎಂದರು. ಮುಚ್ಚಳ ಸಡಿಲ ಮಾಡಿ ಬರಲೇ ಎಂದರೆ, ಮುಟ್ಟಿದರೆ ಕೈಯಲ್ಲೇ ಸಿಡಿಯುತ್ತದೆ ಎಂದರು. ಕಿಟಕಿಗೆ ಕಬ್ಬಿಣದ ಸರಳು. ಕೆಳಗೆ ಬಸ್ ಸ್ಟಾಪಿನಲ್ಲಿ ಜನ ಸೇರುತ್ತಿದ್ದರು. ಹೊರಗೆ ಇನ್ನೊಂದು ಸಿಡಿಯಿತು. ಬಾಗಿಲ ಸಂದಿನಿಂದ ಅಂಟಂಟು ನೀರು ಕೋಣೆಯೊಳಗೆ ಹರಿದು ಬಂತು.

ಯಾಕೆ ಹೀಗಾಯಿತು ಎಂದು ಕೇಳಿದೆ. ತಲೆ ತಗ್ಗಿಸಿದರು.

"ನೀನೇ ಅಂದ್ಯಲ್ಲ, ಗ್ಯಾಸ್ ಸಾಲ್ದು ಅಂತ. ಅದಕ್ಕೆ ಒಂದೊಂದು ಬಾಟ್ಲಿಗೂ ಇನ್ನಷ್ಟು ಸಕ್ಕರೆ ಹಾಕ್ದೆ. ನಿಂಗಿಷ್ಟ ಆಗ್ಲಿ ಅಂತ."

ಇವರದ್ದು ಇದೇ ಗೋಳು. ಕುಡಿದು ಬಂದು ಹೊಡೆಯುವ ಗಂಡನಾಗಿದ್ದರೆ ನಾಲ್ಕು ಜನ ನನ್ನ ಪರ ನಿಲ್ಲುತ್ತಿದ್ದರು. ಇವರದ್ದು ಬರೀ ಪ್ರೀತಿ. ನಾನು ಹೊಲಿಗೆ ಕ್ಲಾಸಿಗೆ ಸೇರಿದರೆ ಮನೆಗೇ ಮೆಷಿನ್ ತಂದಿಟ್ಟರು. ಗೆಳತಿಯರ ಜೊತೆ ವಾಕಿಂಗ್ ಶುರು ಮಾಡಿದರೆ ತಾವೂ ಶೂ ಕೊಂಡು ಹಿಂದೆಯೇ ಬಂದರು. ಬಾಯಿ ತೆರೆದು ಬೈದರೆ ನಾನೇ ಕೆಟ್ಟವಳು. ಆ ಕೋಣೆಯಲ್ಲಿ ನನಗೆ ಉಸಿರು ಕಟ್ಟಿತು, ಕಿರುಚಬೇಕು ಅನ್ನಿಸಿತು. ಮುಚ್ಚಳ ಬಿಗಿದ ಬಾಟಲಿಯೊಳಗೆ ಏನಾಗುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಏಳಿ," ಎಂದೆ.

ಎದ್ದರು. ಮಂಚದ ಮೇಲಿನ ಹಾಸಿಗೆ ಎಳೆದು ನನ್ನ ತಲೆಯ ಮೇಲಿಂದ ಸುತ್ತಿಕೊಂಡೆ. ಬಚ್ಚಲಿನ ದಪ್ಪ ರಬ್ಬರ್ ಚಪ್ಪಲಿ ಮೆಟ್ಟಿದೆ, ಚೀಲವನ್ನು ಎದೆಗೆ ಅವಚಿಕೊಂಡೆ. ಇವರು ಹಾಸಿಗೆಯ ತುದಿ ಹಿಡಿದುಕೊಂಡರು. ಎಳೆಯಲೂ ಇಲ್ಲ, ಬಿಡಲೂ ಇಲ್ಲ.

"ಹಾಸಿಗೆ ಹಾಳಾಗುತ್ತೆ ಕಣೇ," ಎಂದರು.

ನಾನು ಕೊಸರಿಕೊಂಡು ಹೊರಬಿದ್ದೆ. ಕಾಲಡಿ ಗಾಜು ಕರಕರ ಎಂದಿತು. ಗೋಡೆಗೆ ಒತ್ತಿಕೊಂಡು, ಜೀವ ಕೈಯಲ್ಲಿ ಹಿಡಿದು ಅಡ್ಡಡ್ಡ ಸರಿದೆ. ಸ್ಟ್ಯಾಂಡಿನ ಮುಂದೆ ಬಂದಾಗ ಒಂದು ಸಿಡಿದು ಬೆನ್ನಿಗೆ ಗುದ್ದಿದ ಹಾಗಾಯಿತು, ಹಾಸಿಗೆ ತಡೆಯಿತು. ಕೈ ಚಾಚಿ ಚಿಲಕ ತೆಗೆದೆ, ಹಾಸಿಗೆಯನ್ನು ಅಲ್ಲೇ ಕೆಡವಿ ಹೊರಗೆ ಬಂದು ಬಾಗಿಲೆಳೆದುಕೊಂಡೆ. ಅದು ತಾನಾಗಿಯೇ ಲಾಕ್ ಆಯಿತು.

ಅರ್ಧ ಮೆಟ್ಟಿಲಿಳಿದಿದ್ದೆ, ಒಳಗೆ ಒಟ್ಟೊಟ್ಟಿಗೆ ಹಲವು ಸಿಡಿದವು. ಜೊತೆಗೆ ಇವರ ದನಿ: ಅಯ್ಯೋ. ಮತ್ತೆ ಮೇಲೆ ಓಡಿದೆ.

"ರೀ, ಪೆಟ್ಟಾಯ್ತಾ?"

ಉತ್ತರ ಬರಲಿಲ್ಲ. ಮತ್ತೆ ಕೂಗಿದೆ, ಬಾಗಿಲು ಬಡಿದೆ. ಆಗಲೂ ಇಲ್ಲ. ಕೆಳಗೆ ಬಸ್ಸು ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದರೆ ಈ ಬಸ್ಸು ತಪ್ಪಿ ನನ್ನ ಕೆಲಸ ಹೋಯಿತು, ಇಂಥದ್ದೊಂದು ಇನ್ನು ಸಿಗುವುದೂ ಇಲ್ಲ. ತೆರೆಯದೆ ಹೋದರೆ, ಒಳಗೆ ಅವರು ರಕ್ತ ಸುರಿಸಿಕೊಂಡು ಬಿದ್ದಿದ್ದರೆ? ಚೀಲದಿಂದ ಕೀಲಿ ತೆಗೆದು ಲಾಕಿಗೆ ತೂರಿಸಿದೆ. ಅಳು ಬಂತು. ತಿರುಗಿಸುವ ಮುಂಚೆ ಕೊನೆಯದಾಗಿ ಬಾಗಿಲಿಗೆ ಕಿವಿ ಇಟ್ಟೆ.

ಮೊದಲು ನೊರೆಯ ಸೊರಸೊರ ಮಾತ್ರ ಕೇಳಿಸಿತು. ಆಮೇಲೆ, ಅಡುಗೆಮನೆಯ ಕಡೆಯಿಂದ, ಲೋಟದಲ್ಲಿ ಚಮಚ ತಿರುಗಿಸುವ ಸದ್ದು. ನಿಧಾನವಾಗಿ, ಒಂದಿಷ್ಟೂ ಗಡಿಬಿಡಿಯಿಲ್ಲದೆ ಇವರು ಫ್ಲಾಸ್ಕಿನ ಟೀಗೆ ಸಕ್ಕರೆ ಕದಡುತ್ತಿದ್ದರು. ಸದ್ದು ನಿಂತಿತು. ಮತ್ತೆ ಶುರುವಾಯಿತು, ಈ ಬಾರಿ ಇನ್ನೊಂದು ಲೋಟದಲ್ಲಿ, ನನ್ನ ಪಾಲಿನದರಲ್ಲಿ.

ಕೀಲಿಯನ್ನು ತಿರುಗಿಸದೆ ಹೊರಗೆಳೆದು ಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲಿಳಿದು ಬಸ್ಸಿಗೆ ಓಡಿದೆ.