ನನ್ನದೇ ನೋಟ್ಸಿನ ನಕಲು

ಸೂರ್ಯನಾರಾಯಣ ಸರ್ ನನ್ನ ಅಸೈನ್‌ಮೆಂಟಿಗೆ ಸೊನ್ನೆ ಕೊಟ್ಟು, ಕಾಲೇಜಿನ ಎಐ ಸಹಾಯಕನಿಂದ ನಕಲು ಎಂದು ಕೆಂಪಕ್ಷರದಲ್ಲಿ ಬರೆದಿದ್ದರು. ಆ ಸಹಾಯಕನನ್ನು ನಾನು ಒಂದು ದಿನವೂ ತೆರೆದವಳಲ್ಲ. ಸೊನ್ನೆ ಹಾಗೇ ಉಳಿದರೆ ಫೇಲು. ಫೇಲಾದವರಿಗೆ ಕ್ಯಾಂಪಸ್ ಸಂದರ್ಶನವಿಲ್ಲ.

ಆ ಎಐ ನಮ್ಮ ಉಪ್ಪಲ್ ಕಾಲೇಜಿನ ಪಾಠದ ಟಿಪ್ಪಣಿಗಳನ್ನಷ್ಟೇ ಓದಿ ಉತ್ತರ ಹೇಳುತ್ತದೆ. ಸರ್ ನನ್ನೆದುರೇ ಅದನ್ನು ಕೇಳಿದರು, ಸ್ಟ್ಯಾಕ್ ಎಂದರೇನು ಎಂದು. ಕಂಪ್ಯೂಟರು ಮಾಹಿತಿಯನ್ನು ರೊಟ್ಟಿಯ ಹಾಗೆ ಪೇರಿಸುತ್ತದೆ, ಕೊನೆಗೆ ಬಡಿದ ರೊಟ್ಟಿಯೇ ಮೊದಲು ತಟ್ಟೆಗೆ ಬೀಳುತ್ತದೆ ಎಂದಿತು. ನಾನು ಬರೆದದ್ದೂ ಅದೇ, ಸಾಲಿಗೆ ಸಾಲು.

ಬರೆಯದೆ ಇನ್ನೇನು? ಅದು ನನ್ನ ನೋಟ್ಸು. ಕುಷಾಯಿಗೂಡದ ಮನೆಯಲ್ಲಿ ಅಜ್ಜಿ ಯಮುನಾಬಾಯಿ ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಬರೆದದ್ದು. ಆ ಪುಸ್ತಕವನ್ನು ಒಬ್ಬಳಿಗೇ ಕೊಟ್ಟಿದ್ದೆ, ಭಕ್ತಿಗೆ. ಹಾಸ್ಟೆಲಿನ ಊಟ ಸೇರದೆ ಮೂರು ವರ್ಷದಿಂದ ಪ್ರತಿ ಭಾನುವಾರ ನಮ್ಮಲ್ಲೇ ಉಣ್ಣುವ ಗೆಳತಿ. ಸಹಾಯಕನಿಗೆ ಟಿಪ್ಪಣಿ ಕೊಟ್ಟ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರೇ ಮೊದಲಿತ್ತು. ಅದಕ್ಕೊಂದು ಪ್ರಶಸ್ತಿಪತ್ರ ಬೇರೆ.

ಸರ್ ಅವಳನ್ನು ಕರೆಸಿದರು. ಎದುರಿಗೆ ನಿಂತರೆ ನಿಜ ಹೇಳುತ್ತಾಳೆ ಎಂದುಕೊಂಡೆ, ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ. ಊರು ತೆಲುಗಿನದಾದರೂ ಸರ್ ನಮ್ಮ ಹಾಗೆ ಕನ್ನಡದವರು, ರಾಯಚೂರು ಕಡೆಯವರು, ಕನ್ನಡದಲ್ಲೇ ವಿಚಾರಿಸಿದರು. ಆ ರೊಟ್ಟಿ ನಮ್ಮ ಮನೆಯದು, ಬೇಕಾದರೆ ಅವಳನ್ನೇ ಕೇಳಿ ಎಂದೆ.

"ರೊಟ್ಟಿ ಇವರ ಅಜ್ಜಿದು, ಸರ್," ಎಂದಳು ಭಕ್ತಿ. "ಉಂಡಾಕಿ ನಾನು, ಬರದಾಕಿನೂ ನಾನ ರೀ."

ನನ್ನ ಪುಸ್ತಕ ಅವಳ ಹತ್ತಿರವೇ ಇದೆ, ತರಿಸಿ ನೋಡಿ ಎಂದೆ. ಭಕ್ತಿ ಆಗ ಮೊದಲ ಸಲ ನನ್ನತ್ತ ತಿರುಗಿದಳು.

"ಯಾವ ನೋಟಬುಕ್ಕ, ಕೃಪಾ?"

ಎಷ್ಟು ಮೆಲ್ಲಗೆ ಕೇಳಿದಳೆಂದರೆ ಒಂದು ಕ್ಷಣ ನನಗೇ ಅನುಮಾನ ಬಂತು. ಸಾಕ್ಷಿ ಇಲ್ಲದ ಮಾತು ಬೇಡ ಎಂದು ಸರ್ ಸೊನ್ನೆಯನ್ನು ಹಾಗೇ ಬಿಟ್ಟರು.

ಉಂಡ ಮನೆಗೆ ಎರಡು ಬಗೆದವಳ ಬಣ್ಣ ಅಜ್ಜಿಯೆದುರು ಬಯಲು ಮಾಡಬೇಕೆಂದು ಮೆಟ್ರೋ ಇಳಿದು, ಆಟೋ ಹಿಡಿದು ಮನೆಗೆ ಓಡಿದೆ. ಒಂದಕ್ಷರ ಬಿಡದೆ ಹೇಳಿದೆ. ಅಜ್ಜಿ ಅವಳಿಗೆ ಬೈಯಲೇ ಇಲ್ಲ. ಭಕ್ತಿಯ ಫೋನು ನನಗಿಂತ ಮೊದಲೇ ಬಂದಿತ್ತು. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು, ಬೆನ್ನು ಸವರುತ್ತ ಕೇಳಿದಳು:

"ಅಕಿ ಭಾಳ ಅತ್ತಳವಾ. ನಾ ಯಾರಿಗೂ ಹೇಳಂಗಿಲ್ಲ. ಖರೇ ಹೇಳು, ಅಕಿದು ನೋಡಿ ಬರದಿಯೇನು?"